ತಾರಸಿ ಹತ್ತಿದ ಒರಳುಕಲ್ಲು

ಕಳೆದ ತಿಂಗಳ ಕೊನೆಯ ಭಾನುವಾರ ನಮ್ಮ ಮನೆಯ ಒರಳುಕಲ್ಲು ಮೆಟ್ಟಿಲು ಹತ್ತಿ ತಾರಸಿಗೆ ಹೋಯಿತು.

ತಾನಾಗಿ ಹೋಗಲಿಲ್ಲ ಬಿಡಿ. ನಾಲ್ವರು ಗಂಡಸರು ಹಗ್ಗ ಬಿಗಿದು, ಅಡ್ಡ ಬಿದಿರು ತೂರಿಸಿ, ಒಂದೊಂದು ಮೆಟ್ಟಿಲಿಗೂ ‘ಐಸಾ’ ಎನ್ನುತ್ತ ಹೊತ್ತರು. ಐದನೆಯವರಾಗಿ ನನ್ನ ಅಪ್ಪ ಹಿಂದಿನಿಂದ ಬರೀ ಬಾಯಲ್ಲಿ ಹೊತ್ತರು. ಅವರು ರಿಟೈರ್ಡ್ ಬಸ್ ಕಂಡಕ್ಟರ್. ಭಟ್ಕಳ–ಹೊನ್ನಾವರ–ಕುಮಟೆ ಮಾರ್ಗದಲ್ಲಿ ಸರ್ವಿಸ್ ಮುಗಿಸಿದವರು. “ಹೋಲ್ಡಾನ್! ಹೋಲ್ಡಾನ್! ಹಾಂ... ಸ್ವಲ್ಪ ಬಲಕ್ಕೆ... ರೈಟ್, ರೈಟ್!”

ಬೇಲಿಯ ಆಚೆ ಪಕ್ಕದ ಮನೆಯ ನಾಗವೇಣಕ್ಕ ಬಟ್ಟೆ ಹರವುವುದನ್ನು ಬಿಟ್ಟು ನಿಂತಿದ್ದಳು.

“ಎಂತ ಮಾರಾಯ್ತಿ ಇದು? ಇನ್ನು ಟೆರೇಸ್ ಮೇಲೆ ಕೂತ್ಕಂಡು ದೋಸೆಗೆ ಅರೆಯೂದಾ?”

“ಅಲ್ಲ ನಾಗವೇಣಕ್ಕಾ, ಇದು ಟಿವಿ ನೋಡೂಕೆ!” ಎಂದೆ.

ತಲೆಗೆ ಬಿಸಿಲು ಹತ್ತಿದವರನ್ನು ನೋಡುವ ಹಾಗೆ ಆಕೆ ನನ್ನನ್ನು ನೋಡಿದಳು.

ನೋಡಲಿ. ನನಗೆ ಆ ದಿನ ಯಾರು ಏನು ಅಂದುಕೊಂಡರೂ ಚಿಂತೆಯಿರಲಿಲ್ಲ. ನಮ್ಮ ಮನೆಗೆ ಡಿಶ್ ಬರುತ್ತಿತ್ತು! ಅದೂ ಸ್ಲ್ಯಾಬಿಗೆ ಒಂದೇ ಒಂದು ತೂತು ಕೊರೆಯದೆ!

ಈ ಅಂಕಣ ಓದುವವರಿಗೆ ನನ್ನ ಚಟ ಗೊತ್ತೇ ಇದೆ. ಕಂಡದ್ದನ್ನೆಲ್ಲ ತಾರೀಖು ಹಾಕಿ ಡೈರಿಯಲ್ಲಿ ಬರೆದಿಡುವುದು. ಮೊದಲ ಮಾವಿನಕಾಯಿ ಎಂದು ಬಿತ್ತು, ಕರೆಂಟು ಎಷ್ಟು ಸಲ ಹೋಯಿತು, ಬಸ್ಸು ಎಷ್ಟು ತಡವಾಯಿತು. ಈ ವರ್ಷದ ಹೊಸ ಲೆಕ್ಕ ಡಿಶ್ಶಿನದು. ದಿನಾ ಕೆಲಸಕ್ಕೆಂದು ಹೊನ್ನಾವರದಿಂದ ಕುಮಟೆಗೆ ಹೋಗುವಾಗ ಎಡಗಡೆಯ ಕಿಟಕಿಯಿಂದ ಕಂಡ ಡಿಶ್ಶುಗಳು ಸಂಕ್ರಾಂತಿಯ ಹೊತ್ತಿಗೆ ಹದಿನೇಳು ಇದ್ದವು. ಯುಗಾದಿಗೆ ನಲವತ್ತು ದಾಟಿದವು. ಹಂಚಿನ ಮನೆ, ಸ್ಲ್ಯಾಬಿನ ಮನೆ, ಕೊನೆಗೆ ಒಂದು ಗೂಡಂಗಡಿಯ ತಗಡಿನ ಮೇಲೂ ಒಂದು! ಎಲ್ಲವೂ ಹೆಚ್ಚುಕಮ್ಮಿ ಒಂದೇ ದಿಕ್ಕಿಗೆ ಮುಖವೆತ್ತಿ, ಆಕಾಶದಿಂದ ಯಾರೋ ಏನೋ ಹಾಕುತ್ತಾರೆ ಎಂದು ಬಟ್ಟಲು ಹಿಡಿದ ಹಾಗೆ.

ನಮ್ಮ ಮನೆಯದು ಮಾತ್ರ ಹಳೇ ಆಂಟೆನಾ. ಅಂಗಳದಲ್ಲಿ ನಿಲ್ಲಿಸಿದ ಅಡಕೆ ಮರದ ಕಂಬದ ತುದಿಗೆ ಕಟ್ಟಿದ್ದು. ಗಾಳಿ ಬೀಸಿದರೆ ಅದು ತಿರುಗುತ್ತಿತ್ತು, ಅಪ್ಪ ಹೋಗಿ ಕಂಬ ಹಿಡಿದು ತಿರುಗಿಸುತ್ತಿದ್ದರು.

“ಬಂತಾ?”

“ಇಲ್ಲ!”

“ಈಗ?”

“ಬಂತು... ಹೋತು!”

ಹೀಗೇ ಎಷ್ಟು ವರ್ಷ! ನಮ್ಮ ಓಣಿಯ ಕೊನೆಯ ಎರಡು ಮನೆಗಳಿಗೋಸ್ಕರ ಕೇಬಲ್‌ನವರು ತಂತಿ ಎಳೆಯಲು ಸಿದ್ಧರಿರಲಿಲ್ಲ. ಅದರಲ್ಲೊಂದು ನಾಗವೇಣಕ್ಕನದು. ಆಕೆ ಹೋದ ವರ್ಷ ಡಿಶ್ ಹಾಕಿಸಿದಳು. ಇನ್ನೊಂದು ನಮ್ಮದು. ನಾವು ಹಾಕಿಸಲಿಲ್ಲ.

ಯಾಕೆ? ಆಯಿ, ಅಂದರೆ ನನ್ನ ಅಮ್ಮ, ಬಿಡಲಿಲ್ಲ.

ನನ್ನ ಆಯಿ ಟಿವಿ ವಿರೋಧಿ ಎಂದುಕೊಳ್ಳಬೇಡಿ. ಬೇಲಿಯ ಹತ್ತಿರ ದಿನಾ ಬೆಳಿಗ್ಗೆ ಬಸಳೆ ಕೊಯ್ಯುವ ನೆಪದಲ್ಲಿ ನಿಂತು, ನಾಗವೇಣಕ್ಕ ಹಿಂದಿನ ಸಂಜೆ ನೋಡಿದ ಸೀರಿಯಲ್ಲಿನ ಕತೆಯನ್ನು ಕೇಳಿಸಿಕೊಳ್ಳುವವಳು ಅವಳು. (ನಮ್ಮ ಮನೆಯಲ್ಲಿ ವಾರಕ್ಕೆ ನಾಲ್ಕು ದಿನ ಬಸಳೆ ಸಾರು. ಕಾರಣ ಇದೇ.) ನಾಗವೇಣಕ್ಕ ಕತೆಗೆ ತನ್ನದೂ ಸೇರಿಸುತ್ತಾಳೆ ಎಂಬ ಗುಮಾನಿ ಆಯಿಗೆ. “ಆ ಸೊಸೆ ಅಷ್ಟು ಕೆಟ್ಟವಳಾಗಿರೂಕಿಲ್ಲ. ಇವಳಿಗೆ ಇವಳ ಸೊಸೆ ಮೇಲೆ ಸಿಟ್ಟು” ಎನ್ನುತ್ತಿದ್ದಳು. ಅಂದರೆ ಆ ಸೀರಿಯಲ್ಲನ್ನು ಸ್ವತಃ ಕಣ್ಣಾರೆ ನೋಡುವ ಆಸೆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಇದ್ದದ್ದು ಅವಳಿಗೇ.

ಆದರೆ ಅವಳಿಗೆ ಅದಕ್ಕಿಂತ ದೊಡ್ಡದು ಸ್ಲ್ಯಾಬು.

ನಮ್ಮ ಹಳೆಯ ಹಂಚಿನ ಮನೆ ಸೋರುತ್ತಿತ್ತು. ಎಲ್ಲರ ಮನೆಯೂ ಸೋರುತ್ತದೆ, ನಮ್ಮದು ಸ್ವಲ್ಪ ಶ್ರದ್ಧೆಯಿಂದ ಸೋರುತ್ತಿತ್ತು. ಜೂನ್ ಬಂತೆಂದರೆ ಹನ್ನೊಂದು ಪಾತ್ರೆಗಳು ನೆಲಕ್ಕೆ ಇಳಿಯುತ್ತಿದ್ದವು. ಇಂಥ ಮೂಲೆಗೆ ಇಂಥದೇ ಪಾತ್ರೆ. ಮಂಚದ ಕಾಲಿನ ಹತ್ತಿರ ತಪ್ಪಲೆ, ದೇವರ ಕೋಣೆಯಲ್ಲಿ ತಾಮ್ರದ ಚೆಂಬು, ಬಾಗಿಲ ಬಳಿ ಅಲ್ಯೂಮಿನಿಯಂ ಬೋಗುಣಿ. ಮದುವೆಯಾಗಿ ಬಂದ ಮೊದಲ ಮಳೆಗಾಲದಿಂದ ಹಿಡಿದು ಅವಳು ಅವನ್ನು ಇಡುತ್ತ, ಚೆಲ್ಲುತ್ತ, ಮತ್ತೆ ಇಡುತ್ತ ಬಂದಿದ್ದಳು. ಎರಡು ವರ್ಷದ ಹಿಂದೆ ಹಂಚು ಇಳಿಸಿ ಸ್ಲ್ಯಾಬ್ ಹಾಕಿಸಿದ ದಿನ ಅವಳು ಹೇಳಿದ್ದು ಒಂದೇ ಮಾತು: “ಇನ್ನು ಈ ಮನೇಲಿ ಪಾತ್ರೆ ಇಡೂದು ಒಲೆ ಮೇಲೆ ಮಾತ್ರ.”

ಅಂದಿನಿಂದ ತಾರಸಿಗೆ ಚಪ್ಪಲಿ ಹಾಕಿಕೊಂಡು ಹೋಗುವ ಹಾಗಿಲ್ಲ. ಮೊಳೆ ಹೊಡೆಯುವ ಹಾಗಿಲ್ಲ. ಕೊಪ್ಪರ ಒಣಹಾಕಿದರೂ ಚಾಪೆಯ ಮೇಲೆ.

ಇಂಥವಳ ಮುಂದೆ ನಾಗವೇಣಕ್ಕನ ಮನೆಯ ಉದಾಹರಣೆ ಬೇರೆ. ಅವರ ಸ್ಲ್ಯಾಬಿಗೆ ಡಿಶ್ಶಿನವರು ನಾಲ್ಕು ತೂತು ಕೊರೆದು ಬೋಲ್ಟ್ ಬಿಗಿದು, ಮೇಲಿಂದ ಬಿಳಿ ಪೇಸ್ಟ್ ಮೆತ್ತಿ ಹೋಗಿದ್ದರು. ಬಿಸಿಲಿಗೆ ಪೇಸ್ಟ್ ಬಿರಿಯಿತು. ಮಳೆಗೆ ಬೋಲ್ಟಿನ ಗುಂಟ ನೀರು ಇಳಿಯಿತು. ಒಳಗೆ ಮಲಗುವ ಕೋಣೆಯ ಮಾಡಿನಲ್ಲಿ (ಚಾವಣಿಗೆ ನಾವು ಹಾಗೆನ್ನುವುದು) ಕಲೆ ಮೊದಲು ಅಂಗೈಯಷ್ಟು, ಆಮೇಲೆ ಮೊರದಷ್ಟು, ಚೌತಿ ಹಬ್ಬದ ಹೊತ್ತಿಗೆ ಚಾಪೆಯಷ್ಟು. ಆಯಿ ಅದನ್ನು ನೋಡಲು ಎರಡು ಸಲ ಹೋಗಿಬಂದಿದ್ದಳು, ಕಾಯಿಲೆಯವರನ್ನು ಮಾತಾಡಿಸಲು ಹೋಗುವ ಹಾಗೆ.

“ನಿಮ್ಮನೇಲಿ ಮಳೆನೂ ಇಲ್ಲ, ಸೀರಿಯಲ್ಲೂ ಇಲ್ಲ. ನಮ್ಮನೇಲಿ ಎರಡೂ ಅದೆ” ಎಂದು ನಾಗವೇಣಕ್ಕ ನಗಾಡಿದ್ದಳು.

ಈ ಮೇ ತಿಂಗಳಲ್ಲಿ ಅಪ್ಪ ಹಟ ಹಿಡಿದರು. ನಾನೂ ಸೇರಿಕೊಂಡೆ. ಭಟ್ಕಳದಿಂದ ಸಲೀಮ್ ಬಂದ, ಡಿಶ್ ಕೂರಿಸುವವ. ಬೈಕಿನಿಂದ ಇಳಿದು ಚೀಲದಿಂದ ಡ್ರಿಲ್ ತೆಗೆದ. ಆಯಿ ಮೆಟ್ಟಿಲಿಗೆ ಅಡ್ಡ ನಿಂತಳು.

“ಆ ಬಂದೂಕು ಎಂತಕೆ?”

“ಬಂದೂಕಲ್ಲ ಅಮ್ಮಾ, ಡ್ರಿಲ್ಲು.”

“ಅದು ಕೆಳಗೇ ಇರ್ಲಿ. ನೀ ಮೇಲೆ ಹೋಗು.”

ಸಲೀಮ್ ನಕ್ಕುಬಿಟ್ಟ. “ನಾಲ್ಕೇ ತೂತು ಅಮ್ಮಾ. ಪೇಸ್ಟ್ ಹಾಕಿ ಬಂದ್ ಮಾಡ್ತೆ.”

“ನಾಗವೇಣಿ ಮನೇಲೂ ಬಂದ್ ಮಾಡಿದ್ರು.”

“ಅದು ನಾನಲ್ಲ, ಕಸಂ ಸೆ!”

“ನೀನು ಅಂತ ನಾ ಹೇಳಿದ್ನಾ? ಕೂತ್ಕ. ಚಾ ಕುಡಿ. ತೂತು ಮಾತ್ರ ಬೇಡ.”

ಅಪ್ಪ, ಸಲೀಮ್, ನಾನು ಮೂವರೂ ಮೇಲೆ ಹೋಗಿ ನೋಡಿದೆವು. ಪ್ಯಾರಪೆಟ್ ಗೋಡೆಗೆ ಬಿಗಿಯೋಣವೆಂದರೆ ಅದು ಒಂದೇ ಸಾಲಿನ ಕಲ್ಲಿನದು, ನಮ್ಮ ಕಡಲಗಾಳಿಗೆ ಡಿಶ್ ಹಾಯಿಯ ಹಾಗೆ ಎಳೆದರೆ ಬಿರುಕು ಖಂಡಿತ. ಹೊರಗೋಡೆಗೆ ಹಾಕೋಣವೆಂದರೆ ಡಿಶ್ಶಿಗೆ ಬೇಕಾದ ಆಕಾಶ ಆಗ್ನೇಯದ್ದು, ಅಲ್ಲಿ ಕೆಳಗಿನಿಂದ ನೋಡಿದರೆ ಬರೀ ತೆಂಗಿನ ಮಂಡೆ. ತಾರಸಿಯೇ ಆಗಬೇಕು.

“ಒಂದು ಉಪಾಯ ಅದೆ ಮೇಡಂ” ಎಂದ ಸಲೀಮ್. “ಬೋಲ್ಟ್ ಬೇಡ ಅಂದ್ರೆ ಭಾರ ಬೇಕು. ಗಾಳಿ ತಳ್ಳಿದ್ರೂ ಅಲುಗದ ಭಾರ. ಕಂಬ ಅದರಲ್ಲಿ ನಿಲ್ಬೇಕು. ಅಂಥದ್ದು ಸಿಕ್ರೆ ಫೋನ್ ಮಾಡಿ.”

ಅಲುಗದ ಭಾರ! ನಾನು ಎರಡು ದಿನ ಅದನ್ನೇ ಯೋಚಿಸಿದೆ. ಬ್ಯಾರೆಲ್ಲಿಗೆ ಮರಳು? ತುಕ್ಕು ಹಿಡಿಯುತ್ತದೆ. ಚಿರೇಕಲ್ಲು ಪೇರಿಸಿದರೆ? ಜಾರುತ್ತದೆ. ಮೂರನೇ ದಿನ ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತಿದ್ದೆ. ಎದುರಿಗೆ ಒರಳುಕಲ್ಲು. ಗ್ರೈಂಡರ್ ಬಂದ ಮೇಲೆ ಹೊರಗೆ ಬಿದ್ದದ್ದು. ಅದರ ಹೊಂಡದಲ್ಲಿ ನಿಂತ ನೀರನ್ನು ಒಂದು ಕಾಗೆ ಕುಡಿಯುತ್ತಿತ್ತು.

ಭಾರ ಇದೆ. ಕಂಬ ನಿಲ್ಲಲು ಹೊಂಡವೂ ಇದೆ. ಇದನ್ನು ಕೆತ್ತಿದವನಿಗೆ ಡಿಶ್ ಬರುತ್ತದೆಂದು ಮೊದಲೇ ಗೊತ್ತಿತ್ತೇ?!

ಬಾಯಲ್ಲಿ ಪೇಸ್ಟ್ ಇಟ್ಟುಕೊಂಡೇ ಒಳಗೆ ಓಡಿದೆ. ಅಪ್ಪನಿಗೆ ಹೇಳಿದರೆ ಅವರ ಮುಖ ಸಣ್ಣದಾಯಿತು. “ಒರಳಿನ ಹೊಂಡಕ್ಕೆ ಸಿಮೆಂಟಾ? ಮದುವೆ ಮನೇಲಿ ಪೂಜೆ ಮಾಡ್ತ್ರು ಅದಕ್ಕೆ. ನಿನ್ನ ಆಯಿ ಒಪ್ಪೂದುಂಟಾ?”

ನಾನೂ ಹೆದರಿದ್ದೆ. ಎಷ್ಟು ವರ್ಷದ ಒಡನಾಟ ಅವಳಿಗೂ ಆ ಕಲ್ಲಿಗೂ! ಅಳುತ್ತಾಳೋ, ಬೈಯುತ್ತಾಳೋ?

ಆಯಿ ಒಗ್ಗರಣೆಯಿಂದ ಮುಖ ಎತ್ತಲಿಲ್ಲ. “ಪೂಜೆ ಮಾಡಿದ್ದು ನೀವು, ಅರೆದದ್ದು ನಾನು. ಸಿಮೆಂಟ್ ಹಾಕು ಮಗಾ. ಇಷ್ಟು ವರ್ಷ ನಾ ಅದಕ್ಕೆ ದುಡಿದೆ. ಈಗ ಅದು ನಂಗೆ ಸೀರಿಯಲ್ ತೋರಿಸ್ಲಿ.”

ನೋಡಿದಿರಾ? ಹಳೆಯ ವಸ್ತುಗಳ ಮೇಲೆ ಪ್ರೀತಿ ಉಕ್ಕುವುದು ಅವನ್ನು ಬಳಸದೆ ಇದ್ದವರಿಗೆ.

ಆಮೇಲೆ ಅವಳು ಸೌಟು ಎತ್ತಿ ಷರತ್ತು ಹೇಳಿದಳು. “ಆದ್ರೆ ಕೇಳಿ. ಒಂದು ಹನಿ. ಒಂದೇ ಒಂದು ಹನಿ ಒಳಗೆ ಬಿತ್ತೋ, ಆ ಡಿಶ್ಶು ಇಳೀಬೇಕು. ಆಮೇಲೆ ಈ ಮನೇಲಿ ಅದರ ಹೆಸರು ಎತ್ತೂಕಿಲ್ಲ.”

ಹಾಗೆ ಒರಳು ತಾರಸಿ ಹತ್ತಿತು. ಸ್ಲ್ಯಾಬಿನ ನಟ್ಟನಡುವೆ ಭಾರ ಬೀಳದ ಹಾಗೆ, ಕೆಳಗೆ ಗೋಡೆ ಇರುವ ಜಾಗ ನೋಡಿ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದೆ. ಅಡಿಯಲ್ಲಿ ಹಳೇ ಟಯರಿನ ತುಂಡುಗಳು. ಕಲ್ಲು ಸ್ಲ್ಯಾಬನ್ನು ಕೆರೆಯಬಾರದು, ನೀರು ಅಡಿಯಲ್ಲಿ ನಿಲ್ಲದೆ ಹರಿದುಹೋಗಬೇಕು. ಸಲೀಮ್ ತೂಗುಗುಂಡು ಬಿಟ್ಟು ಕಂಬವನ್ನು ನೆಟ್ಟಗೆ ನಿಲ್ಲಿಸಿದ. ಕಾಂಕ್ರೀಟಿನ ಮೈಯನ್ನು ಮೇಲೆ ಗುಡ್ಡದ ಹಾಗೆ ಉಬ್ಬಿಸಿ ತಿಕ್ಕಿದ. ವಾರವಿಡೀ ಆಯಿಯೇ ಅದಕ್ಕೆ ದಿನಾ ನೀರು ಹೊಯ್ದಳು.

ಮುಂದಿನ ಭಾನುವಾರ ಡಿಶ್ ಏರಿತು. ಸಲೀಮ್ ಅದನ್ನು ಆಗ್ನೇಯಕ್ಕೆ ತಿರುಗಿಸಿದ. ಆಗ್ನೇಯ ಅಂದರೆ ನಮ್ಮ ಅಡುಗೆಮನೆಯ ದಿಕ್ಕು. ಒರಳು ಮೇಲೆ ಹೋದರೂ ಅದರ ಮುಖ ಅಡುಗೆಮನೆಗೇ!

ಕೇಬಲ್ ಒಳಗೆ ತರುವ ಕೆಲಸ ನಾನು ವಹಿಸಿಕೊಂಡೆ. ಗೋಡೆಗೂ ತೂತು ಬೇಡವೆಂದು ಹಾಲ್‌ನ ವೆಂಟಿಲೇಟರಿನ ಸಂದಿಯಿಂದ ತರುವುದೆಂದಾಯಿತು. ನನಗೆ ಜೋಲು ಬಿದ್ದ ತಂತಿ ಕಂಡರೆ ಆಗದು. ಪ್ಯಾರಪೆಟ್ಟಿನಿಂದ ವೆಂಟಿಲೇಟರಿನವರೆಗೆ ವೀಣೆಯ ತಂತಿಯ ಹಾಗೆ ಎಳೆದು ಬಿಗಿದೆ. ಅಳತೆಪಟ್ಟಿ ಇಟ್ಟು ಗೀಟು ಎಳೆದ ಹಾಗಿತ್ತು. ಸಲೀಮ್ ಮೇಲಿಂದ ಬಗ್ಗಿ ನೋಡಿ “ಸ್ವಲ್ಪ ಸಡಿಲ ಇದ್ರೆ ಒಳ್ಳೇದಿತ್ತು” ಎಂದ. “ಚೆಂದ ಕಾಣೂದಿಲ್ಲ” ಎಂದೆ.

ಸಂಜೆ ಚಿತ್ರ ಬಂತು. ಅಬ್ಬಾ ಆ ಚಿತ್ರ! ವಾರ್ತೆ ಓದುವವರ ಕಿವಿಯ ಓಲೆಯ ಹರಳು ಕಾಣುತ್ತಿತ್ತು. ಅಪ್ಪ ಅಭ್ಯಾಸಬಲದಿಂದ ಅಂಗಳಕ್ಕೆ ಹೊರಟವರು, ತಿರುಗಿಸಲು ಏನೂ ಇಲ್ಲ ಎಂದು ನೆನಪಾಗಿ ಬಾಗಿಲಲ್ಲೇ ನಿಂತು “ರೈಟ್!” ಎಂದು ಕೂಗಿದರು. ಆಯಿ ತನ್ನ ಸೀರಿಯಲ್ಲಿನ ಸೊಸೆಯನ್ನು ಮೊದಲ ಸಲ ನೋಡಿದಳು. ಅರ್ಧ ಗಂಟೆ ಅಲುಗಲಿಲ್ಲ. ಕೊನೆಗೆ ತೀರ್ಪು ಕೊಟ್ಟಳು: “ನಾ ಹೇಳಿದ್ನಲ್ಲ, ಒಳ್ಳೇ ಹುಡ್ಗಿ ಅಂತ.”

ಆ ವಾರ ನಮ್ಮ ಮನೆಯಲ್ಲಿ ಬಸಳೆ ಸಾರು ಆಗಲೇ ಇಲ್ಲ.

ಆಮೇಲೆ ಮಳೆ ಬಂತು. ನಮ್ಮ ಕಡೆಯ ಮಳೆ ನಿಮಗೆ ಗೊತ್ತಲ್ಲ, ಬಾಗಿಲು ತಟ್ಟಿ ಬರುವುದಿಲ್ಲ. ನಾನು ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ಕೊಡೆ ಇದ್ದೂ ತೊಯ್ದಿದ್ದೆ. ಮೊದಲು ಮಾಡು ನೋಡಿದೆ. ಒಣಗಿತ್ತು! ಎಲ್ಲ ಕೋಣೆಯಲ್ಲೂ ಕತ್ತೆತ್ತಿ ತಿರುಗಿದೆ. ಒಣ! ಒಣ! ಒರಳು ಗೆದ್ದಿತು ಎಂದು ಕುಣಿಯಬೇಕು ಅನ್ನುವಾಗ...

ಟಪ್.

ಟಿವಿಯ ಹಿಂದೆ. ನೆಲದ ಮೇಲೆ ಅಂಗೈಯಗಲದ ನೀರು. ವೆಂಟಿಲೇಟರಿನ ಅಂಚಿನಿಂದ ಒಂದು ಹನಿ ಉಬ್ಬಿ, ತೂಗಿ, ಬಿತ್ತು. ಇನ್ನೊಂದು ಉಬ್ಬತೊಡಗಿತು.

ಆಯಿ ಬೈಯಲಿಲ್ಲ. ಒಳಗೆ ಹೋಗಿ, ಅಟ್ಟದ ಮೇಲಿನಿಂದ ಎರಡು ವರ್ಷ ಕೆಳಗಿಳಿಯದ ಆ ಅಲ್ಯೂಮಿನಿಯಂ ಬೋಗುಣಿ ತಂದು, ಹನಿಯ ಅಡಿಗೆ ಇಟ್ಟಳು. ಟಣ್.

“ಮಳೆ ಹೊಳವಾದ ಕೂಡ್ಲೆ ಸಲೀಮಗೆ ಫೋನ್ ಮಾಡು” ಎಂದಳು. ಅಷ್ಟೇ. ಸೀರಿಯಲ್ಲಿನ ಹೊತ್ತಾಗಿತ್ತು. ಟಿವಿ ಹಾಕಲಿಲ್ಲ. ಹೋಗಿ ಅಡುಗೆಮನೆಯ ಮಣೆಯ ಮೇಲೆ ಕುಳಿತಳು.

ಅಪ್ಪ ಪಿಸುಗುಟ್ಟಿದರು. “ಒರಳಿನ ಶಾಪ ಇದು.”

“ಸುಮ್ನಿರಿ ಅಪ್ಪಾ!”

ಟಣ್. ಟಣ್. ಅಪ್ಪ ಸಣ್ಣ ದನಿಯಲ್ಲಿ ವಾರ್ತೆ ಹಾಕಿದರು, ಆ ಟಣಟಣದಲ್ಲಿ ಏನೂ ಕೇಳಿಸಲಿಲ್ಲ. ಆಯಿ ಎದ್ದು ಬಂದಳು. ಕೈಯಲ್ಲಿ ಹೂ ಕಟ್ಟುವ ಬಾಳೆನಾರಿನ ಉದ್ದನೆಯ ಎಳೆ. ಸ್ಟೂಲ್ ಹತ್ತಿ, ಒದ್ದೆ ಮಾಡಿದ ನಾರಿನ ಒಂದು ತುದಿಯನ್ನು ಹನಿ ಬೀಳುವ ಅಂಚಿಗೆ ಸಿಕ್ಕಿಸಿದಳು. ಇನ್ನೊಂದು ತುದಿಯನ್ನು ಬೋಗುಣಿಯೊಳಗೆ ಬಿಟ್ಟಳು. ಶಬ್ದ ನಿಂತಿತು. ಹನಿ ಈಗ ಬೀಳುತ್ತಿರಲಿಲ್ಲ, ನಾರನ್ನು ಹಿಡಿದು ಮೆಲ್ಲಗೆ ಇಳಿಯುತ್ತಿತ್ತು.

ಹಳೇ ಮನೆಯಲ್ಲಿ ಮಕ್ಕಳ ನಿದ್ದೆ ಕೆಡಬಾರದೆಂದು ಅವಳು ಹೀಗೇ ಮಾಡುತ್ತಿದ್ದಳು. ನನಗೆ ಮರೆತೇಹೋಗಿತ್ತು.

“ನೀರಿಗೆಂತ, ಹಿಡ್ಕಣೂಕೆ ಒಂದು ಎಳೆ ಸಿಕ್ರೆ ಎಲ್ಲಿಗೆ ಬೇಕಾದ್ರೂ ಬತ್ತದೆ” ಎಂದು ಅಪ್ಪನಿಗೆ ಹೇಳುತ್ತ ಇಳಿದಳು.

ನಾನು ನಾರನ್ನು ನೋಡಿದೆ. ನಾರಿನ ಮೇಲೆ ವೆಂಟಿಲೇಟರ್. ವೆಂಟಿಲೇಟರಿನ ಸಂದಿಯಲ್ಲಿ ನನ್ನ ಕೇಬಲ್. ಹೊರಗೆ ಆ ಕೇಬಲ್ ಪ್ಯಾರಪೆಟ್ಟಿನಿಂದ ಇಳಿಜಾರಾಗಿ, ಬಿಗಿಯಾಗಿ, ನೆಟ್ಟಗೆ...

“ಆಯೀ! ನೀರಿಗೆ ಎಳೆ ಕಟ್ಟಿಕೊಟ್ಟದ್ದು ನಾನೇ!”

ಕೊಡೆ ಹಿಡಿಯುವ ವ್ಯವಧಾನವೂ ಇರಲಿಲ್ಲ. ಅಂಗಳಕ್ಕೆ ಓಡಿದೆ. ಹಿಂದಿನಿಂದ ಅಪ್ಪ ಟಾರ್ಚ್ ಹಿಡಿದು ಬಂದರು. ಬೆಳಕು ಬಿಟ್ಟರೆ ಕಂಡಿತು. ತಾರಸಿಯಿಂದ ಹೊರಟ ನೀರು ಕೇಬಲ್ಲಿನ ಹೊಟ್ಟೆಗೆ ಅಂಟಿಕೊಂಡು, ಒಂದರ ಹಿಂದೆ ಒಂದರಂತೆ, ಸಾಲಿನಲ್ಲಿ ಹೊರಟ ಇರುವೆಗಳ ಹಾಗೆ, ನಮ್ಮ ಮನೆಯೊಳಗೆ ಹೋಗುತ್ತಿತ್ತು! ಸ್ಲ್ಯಾಬ್ ತಪ್ಪು ಮಾಡಿರಲಿಲ್ಲ. ಒರಳು ತಪ್ಪು ಮಾಡಿರಲಿಲ್ಲ. ಚೆಂದ ತಪ್ಪು ಮಾಡಿತ್ತು.

ತಾರಸಿ ಹತ್ತಿ, ಕೇಬಲ್ ಬಿಗಿದಿದ್ದ ಕ್ಲಿಪ್ ಕಿತ್ತೆ. ಮೇಲಿಂದ ಒಂದು ಮೊಳ ಕೇಬಲ್ ಸಡಿಲ ಬಿಟ್ಟೆ. ವೆಂಟಿಲೇಟರಿಗಿಂತ ಕೆಳಗೆ ಅದು ಜೋಲು ಬಿದ್ದು, ತೊಟ್ಟಿಲ ಹಾಗೆ ಬಾಗಿ, ಮತ್ತೆ ಮೇಲೆ ಹತ್ತಿ ಸಂದಿಯೊಳಗೆ ಹೋಯಿತು. ನೀರು ಕೆಳಗಿನ ಬಾಗಿಗೆ ಬಂತು. ಅಲ್ಲಿಂದ ಮೇಲೆ ಹತ್ತಲು ಅದಕ್ಕೆ ಬರುವುದಿಲ್ಲವಲ್ಲ! ತಡೆದು ನಿಂತಿತು, ದಪ್ಪಗಾಯಿತು, ಅಂಗಳದ ಬಸಳೆ ಚಪ್ಪರದ ಮೇಲೆ ಉದುರಿತು.

“ಬಂತಾ?” ಎಂದು ಒಳಗೆ ಕೂಗಿದೆ.

“ಇಲ್ಲ!” ಎಂದಳು ಆಯಿ.

“ಈಗ?”

“ಇಲ್ಲ!”

ಇಷ್ಟು ವರ್ಷಗಳಲ್ಲಿ ‘ಇಲ್ಲ’ ಎಂಬ ಉತ್ತರಕ್ಕೆ ಅಪ್ಪ “ರೈಟ್!” ಎಂದು ಕೂಗಿದ್ದು ಅದೇ ಮೊದಲು.

ನಾವು ಗೆದ್ದೆವೆಂದುಕೊಂಡೆವು. ಆಯಿ ಹಾಗೆ ಒಪ್ಪುವವಳಲ್ಲ. ಬೋಗುಣಿ ಅಲ್ಲೇ ಇತ್ತು. ಒಂದು ದಿನ, ಎರಡು ದಿನ, ಮಳೆ ಬಿಡದೆ ಹೊಯ್ಯಿತು. ದಿನಾ ಬೆಳಿಗ್ಗೆ ಅವಳು ಸ್ಟೂಲ್ ಹತ್ತಿ ವೆಂಟಿಲೇಟರಿನ ಅಂಚಿನ ಗುಂಟ ಬೆರಳು ಎಳೆಯುತ್ತಿದ್ದಳು, ಬೆರಳನ್ನು ಸೆರಗಿಗೆ ಒರೆಸಿ ಸೆರಗನ್ನು ನೋಡುತ್ತಿದ್ದಳು. ನಾನು ಬಾಗಿಲ ಬಳಿ ನಿಂತು ನೋಡುತ್ತಿದ್ದೆ. ಎಸ್ಸೆಸ್ಸೆಲ್ಸಿ ರಿಸಲ್ಟಿಗೂ ನಾನು ಹೀಗೆ ಕಾದಿರಲಿಲ್ಲ. ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಎದ್ದು ನೋಡಿದರೆ ಬೋಗುಣಿ ಇರಲಿಲ್ಲ. ಅಡುಗೆಮನೆಗೆ ಓಡಿದೆ. ಅದರಲ್ಲಿ ದೋಸೆ ಹಿಟ್ಟು ಇತ್ತು.

ಡೈರಿಯಲ್ಲಿ ಆ ತಾರೀಖಿಗೆ ಕೆಂಪು ಇಂಕಿನಲ್ಲಿ ಒಂದೇ ಶಬ್ದ ಬರೆದಿದ್ದೇನೆ: ಪಾಸ್!

ಈಗ ಆಯಿ ನಮ್ಮ ಓಣಿಯ ಕೇಬಲ್ ಇನ್ಸ್‌ಪೆಕ್ಟರ್. ಯಾರ ಮನೆಗೆ ಹೋದರೂ ಮೊದಲು ವೆಂಟಿಲೇಟರ್ ನೋಡುತ್ತಾಳೆ. “ಇದಕ್ಕೆ ಹೊಟ್ಟೆ ಇಲ್ಲ. ಹೊಟ್ಟೆ ಬಿಡಿ” ಎನ್ನುತ್ತಾಳೆ. ಮಳೆ ಮುಗಿದ ಕೂಡಲೆ ನಾಗವೇಣಕ್ಕನ ಬೋಲ್ಟ್ ಕಿತ್ತು, ತೂತು ಮುಚ್ಚಿ, ಅವರ ಒರಳೂ ಮೇಲೆ ಹತ್ತಲಿದೆ. ಸಲೀಮ್ ಫೋನಿನಲ್ಲಿ ನಕ್ಕ: “ಮೇಡಂ, ಇನ್ನು ನಂಗೆ ಡ್ರಿಲ್ ಬೇಡ, ನಾಲ್ಕು ಪೈಲ್ವಾನರು ಬೇಕು!”

ನಾವು ಮನೆಗೆ ಹೊಸದು ತರುವ ಸಂಭ್ರಮದಲ್ಲಿ ಮೊದಲು ಹುಡುಕುವುದು ಎಲ್ಲಿ ಕೊರೆಯಬೇಕು ಎಂಬುದನ್ನು. ನೀರಿನದು ಆಮೇಲಿನ ಮಾತು. ಪೇಸ್ಟ್ ಇದೆಯಲ್ಲ! ಆದರೆ ಆ ಮಾಡಿನ ಕೆಳಗೆ ಯಾರು ಎಷ್ಟು ವರ್ಷ ಪಾತ್ರೆ ಇಟ್ಟಿದ್ದಾರೆ ಎಂದು ಕೇಳಿಕೊಂಡು ಡ್ರಿಲ್ ಎತ್ತುವವರು ಎಷ್ಟು ಜನ?

ಇನ್ನೊಂದು ವಿಷಯ ಹೇಳದಿದ್ದರೆ ಮೋಸವಾಗುತ್ತದೆ. ಮೊನ್ನೆ ಸಂಜೆ ಆ ಸೊಸೆ ಅತ್ತೆಯ ಎದುರು ಬಾಯಿ ತೆರೆಯಬೇಕು, ಅಷ್ಟರಲ್ಲಿ ಮಳೆ ಜಡಿಯಿತು. ಪರದೆ ಕಪ್ಪಾಯಿತು. ‘ಸಿಗ್ನಲ್ ಇಲ್ಲ.’ ಮೋಡ ಅಷ್ಟು ದಟ್ಟವಾದರೆ ಡಿಶ್ಶಿಗೆ ಏನೂ ಸಿಗುವುದಿಲ್ಲವಂತೆ. ಒರಳಲ್ಲಿ ನೆಟ್ಟರೂ ಅಷ್ಟೇ, ಬೋಲ್ಟಿನಲ್ಲಿ ನೆಟ್ಟರೂ ಅಷ್ಟೇ. ಬೇಲಿಯಾಚೆಯಿಂದ ನಾಗವೇಣಕ್ಕ ಕೂಗಿದಳು, “ನಿಮ್ಮದೂ ಹೋತನೇ?”

ಅಪ್ಪ ರಿಮೋಟ್ ಒತ್ತುತ್ತ ಚಡಪಡಿಸುತ್ತಿದ್ದರು. ಆಯಿ ಮಾತ್ರ ಗೋಡೆಗೆ ಒರಗಿ, ಕಾಲು ಚಾಚಿ, ಕತ್ತೆತ್ತಿ ಮಾಡನ್ನೇ ನೋಡುತ್ತಿದ್ದಳು. ಹೊರಗೆ ಅಂಥ ಮಳೆ, ಮೇಲೆ ಒಂದು ಕಲೆಯಿಲ್ಲ.

“ಎಂತ ನೋಡ್ತಿದ್ದೆ ಆಯೀ?” ಎಂದೆ.

“ಇದು ಚಲೋ ಬತ್ತಾ ಅದೆ, ಇರ್ಲಿ ಬಿಡು” ಎಂದಳು.